ದೊಡ್ಡಕರುಳು: ಬಳಕೆದಾರರ ಕೈಪಿಡಿ (ಬೆಳುಂಕಿ ಆವೃತ್ತಿ)

ಬಳಸುವ ಮುನ್ನ ಓದಿ

ಅಭಿನಂದನೆಗಳು. ಸುಮಾರು ಐದು ಅಡಿ ಉದ್ದದ ದೊಡ್ಡಕರುಳೊಂದರ ಒಡೆಯರು ನೀವು. ಹುಟ್ಟಿದಂದಿನಿಂದ ನಿಮ್ಮ ಬಳಿಯೇ ಇದೆ, ದಿನಾ ಬಳಸುತ್ತೀರಿ. ಬೋರಿಗೆ ಇಳಿಸುವ ಮೋಟಾರಿನ ಜೊತೆ ಪುಸ್ತಕ ಬರುತ್ತದೆ, ಔಷಧ ಹೊಡೆಯುವ ಪಂಪಿನ ಜೊತೆಯೂ ಬರುತ್ತದೆ. ಇದರ ಜೊತೆ ಮಾತ್ರ ಬಂದಿರಲಿಲ್ಲ. ಆ ಕೊರತೆ ಈಗ ನೀಗಿದೆ.

ಈ ಆವೃತ್ತಿ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಬೆಳುಂಕಿ ಹಾಗೂ ಸುತ್ತಲಿನ ಊರುಗಳಿಗೆ ಮಾತ್ರ. ಇಲ್ಲಿಯ ಕನ್ನಡ ಮನೆಗಳಲ್ಲಿ ಹೊಟ್ಟೆ ನೋಯುವುದು ಕನ್ನಡದಲ್ಲಿ, ಅದನ್ನು ಡಾಕ್ಟರಿಗೆ ಹೇಳುವುದು ಮರಾಠಿಯಲ್ಲಿ, ರಿಪೋರ್ಟು ಬರುವುದು ಇಂಗ್ಲಿಷಿನಲ್ಲಿ. ಈ ಮೂರು ಟಪ್ಪಾಗಳ ನಡುವೆ ಎಲ್ಲೋ ಒಂದು ಕಡೆ ಮುಖ್ಯವಾದ ಸಂಗತಿ ಬಸ್ಸಿನಿಂದ ಇಳಿದುಬಿಡುತ್ತದೆ. ಆಸ್ಪತ್ರೆಯವರು ಕೊಡುವ ಸೂಚನೆಯ ಹಾಳೆಯನ್ನು ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳುತ್ತಾಳೆ. ಮುಜುಗರದ ಸಾಲು ಬಂದಾಗ ಅವಳು ಎರಡು ಸಾಲು ಬಿಟ್ಟು ಮುಂದೆ ಹೋಗುತ್ತಾಳೆ. ಆ ಎರಡು ಸಾಲಿಗಾಗಿ ಈ ಕೈಪಿಡಿ.

ವ್ಯಾಪ್ತಿ: ಪಾಲಿಪ್ ಮಾತ್ರ. ಗ್ಯಾಸು, ಹುಳಿತೇಗು, ಬೀಗರ ಮನೆಯ ಊಟದ ನಂತರದ ತಳಮಳ ಇವಕ್ಕೆಲ್ಲ ಬೇರೆ ಸಂಪುಟ ಬೇಕು. ಅದನ್ನು ಬರೆಯಬಲ್ಲವರು ಪ್ರತಿ ಕಟ್ಟೆಯ ಮೇಲೂ ನಾಲ್ಕು ಜನ ಕೂತಿದ್ದಾರೆ.

ಭಾಗಗಳ ಪರಿಚಯ

ಕೆಳಗಿನಿಂದ ಹೊರಟರೆ ಮೊದಲು ಗುದನಾಳ. ಅಲ್ಲಿಂದ ಒಂದು ಸೊಟ್ಟ ತಿರುವು ದಾಟಿ ಹೊಟ್ಟೆಯ ಎಡಗಡೆ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಹೊರಳಿ ಅಡ್ಡಲಾಗಿ ಬಲಕ್ಕೆ, ಮತ್ತೆ ಹೊರಳಿ ಬಲಗಡೆ ಕೆಳಕ್ಕೆ. ಕೊನೆಯಲ್ಲಿ ಅಪೆಂಡಿಕ್ಸ್ ತೆರೆದುಕೊಳ್ಳುವ ಚೀಲದಂಥ ಜಾಗ. ಬಂದ ಸರಕಿನಲ್ಲಿಯ ನೀರನ್ನು ಹೀರಿಕೊಳ್ಳುವುದು ಇದರ ದೊಡ್ಡ ಕೆಲಸ. ಜತ್ತ ತಾಲೂಕಿನಲ್ಲಿ ಅನುದಾನವಿಲ್ಲದೆ, ಉದ್ಘಾಟನೆಯಿಲ್ಲದೆ ನಡೆಯುತ್ತಿರುವ ಏಕೈಕ ನೀರುಳಿತಾಯ ಯೋಜನೆ ಎಂದು ಇದನ್ನು ಹೇಳಬಹುದು.

ಇದರ ಒಳಗೋಡೆಯ ಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಹಳೆಯ ಜೀವಕೋಶ ಉದುರುತ್ತದೆ, ಹೊಸದು ಬರುತ್ತದೆ. ಎಷ್ಟು ಹುಟ್ಟಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಾಯುವ ಜೀನುಗಳಿವೆ; ಅದರಲ್ಲಿ ಎಪಿಸಿ ಎಂಬುದು ಮುಖ್ಯವಾದದ್ದು. ಅದು ಕೆಟ್ಟರೆ ಆ ಜಾಗದಲ್ಲಿ ನಿಲ್ಲುವುದೇ ಗೊತ್ತಿಲ್ಲದ ಕೋಶಗಳು ಗುಂಪುಗೂಡಿ ಒಂದು ಗಂಟಾಗುತ್ತವೆ. ಅದೇ ಪಾಲಿಪ್. ಮೂಗಿನ ದುರ್ಮಾಂಸ ನೋಡಿದವರಿಗೆ ಇದರ ಪರಿಚಯ ಅರ್ಧ ಆದಂತೆ. ಕೆಲವಕ್ಕೆ ದೇಟು ಇರುತ್ತದೆ, ಕೆಲವು ದೇಟಿಲ್ಲದೆ ಗೋಡೆಗೆ ಅಂಟಿ ಕೂತಿರುತ್ತವೆ. ರಿಪೋರ್ಟಿನಲ್ಲಿ ಅಳತೆ ಮಿಲಿಮೀಟರಿನಲ್ಲಿ ಇರುತ್ತದೆ: 5 ಮಿ.ಮೀ. ಅಂದರೆ ಬಿಳಿಜೋಳದ ಒಂದು ಕಾಳು, 10 ಮಿ.ಮೀ. ಅಂದರೆ ಸಣ್ಣದೊಂದು ಶೇಂಗಾಬೀಜ. ಕಾಳು ಮತ್ತು ಬೀಜದ ನಡುವಿನ ಈ ವ್ಯತ್ಯಾಸದ ಮೇಲೆ ಡಾಕ್ಟರರ ಮುಂದಿನ ಲೆಕ್ಕಾಚಾರವೆಲ್ಲ ನಿಂತಿದೆ.

ಜಾತಿಗಳು ಬೇರೆಬೇರೆ. ಹೈಪರ್‌ಪ್ಲಾಸ್ಟಿಕ್ ಎಂಬುದು ಸಾಮಾನ್ಯವಾಗಿ ಗುದನಾಳದ ಹತ್ತಿರ ಸಣ್ಣದಾಗಿ ಇದ್ದುಕೊಂಡು ಯಾರ ತಂಟೆಗೂ ಹೋಗದ್ದು. ಸೆರೇಟೆಡ್ ಎಂಬ ಇನ್ನೊಂದು ಬಗೆ ಚಪ್ಪಟೆಯಾಗಿ, ಹೆಚ್ಚಾಗಿ ಬಲಗಡೆ, ಕಣ್ಣಿಗೆ ಬೀಳದಂತೆ ಮಲಗಿರುತ್ತದೆ, ಇದನ್ನು ನಂಬುವಂತಿಲ್ಲ. ಅಡಿನೋಮಾ ಎಂಬುದೇ ನಾವು ಕಾಯಬೇಕಾದದ್ದು. ಮಕ್ಕಳದು ಬೇರೆ ಕತೆ. ಎರಡರಿಂದ ಹತ್ತು ವರ್ಷದ ಮಗುವಿಗೆ ನೋವಿಲ್ಲದೆ ರಕ್ತ ಹೋದರೆ ಜುವೆನೈಲ್ ಪಾಲಿಪ್ ಇರುವ ಸಾಧ್ಯತೆ ಹೆಚ್ಚು. ಬಹುತೇಕ ಒಂದೇ ಇರುತ್ತದೆ, ಕೆಲವೊಮ್ಮೆ ತಾನೇ ಕಳಚಿ ಬೀಳುತ್ತದೆ. ಆ ಮಗುವಿಗೆ ಮೂಲವ್ಯಾಧಿ ಎಂದು ಹೇಳಿ ಪುಡಿ ಕೊಡುವವರು ಸಿಕ್ಕರೆ ಪುಡಿ ಅಲ್ಲೇ ಬಿಟ್ಟು ಎದ್ದು ಬನ್ನಿ. ಆ ವಯಸ್ಸಿಗೆ ಮೂಲವ್ಯಾಧಿ ಅಪರೂಪ.

ಅಡಿನೋಮಾಗಳಲ್ಲಿ ಬಹಳಷ್ಟು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಆಗುವವು ಸಹ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಒಂದರ ಹಿಂದೆ ಒಂದು ಜೀನು ಕೆಡುತ್ತಾ ಹೋಗಬೇಕು. ಆ ಮೆಟ್ಟಿಲುಗಳನ್ನು ಅಮೆರಿಕದ ಫಿಯರಾನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ಜೋಡಿಸಿ ತೋರಿಸಿದರು. ಸಾಮಾನ್ಯವಾಗಿ ಹತ್ತು ವರ್ಷದ ಆಚೀಚೆ ಹಿಡಿಯುತ್ತದೆ. ಹತ್ತು ವರ್ಷ ಎಷ್ಟು ದೊಡ್ಡದು ಎಂಬುದು ಜತ್ತದವರಿಗೆ ಬೇರೆ ಹೇಳಬೇಕಿಲ್ಲ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಈ ತಾಲೂಕಿನ ಸುಮಾರು ನಲವತ್ತು ಊರುಗಳು ಠರಾವು ಮಾಡಿದ್ದು 2012ರಲ್ಲಿ. ಕರ್ನಾಟಕದ ಮುಖ್ಯಮಂತ್ರಿ ಆ ಠರಾವಿನ ಮಾತೆತ್ತಿದ್ದು 2022ರ ನವೆಂಬರಿನಲ್ಲಿ. ಆ ಎರಡು ಸುದ್ದಿಗಳ ನಡುವೆ ಒಂದು ಜೋಳದ ಕಾಳು ತನ್ನ ಕೆಲಸ ಪೂರ್ತಿ ಮುಗಿಸಬಲ್ಲದು. ಆ ಹತ್ತು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ಒಬ್ಬರು ಒಳಗೆ ನೋಡಿ ಅದನ್ನು ತೆಗೆದುಹಾಕಿದರೆ ಆ ಗಂಟಿನಿಂದ ಕ್ಯಾನ್ಸರ್ ಹುಟ್ಟುವುದೇ ಇಲ್ಲ. ಇಷ್ಟು ವಾಯಿದೆ ಕೊಡುವ ಕ್ಯಾನ್ಸರುಗಳು ಬೆರಳೆಣಿಕೆಯಷ್ಟು. ಬ್ಯಾಂಕಿನವರೂ ಇಷ್ಟು ಕೊಡುವುದಿಲ್ಲ.

ದೋಷ ಪತ್ತೆ

ಲಕ್ಷಣ: ಏನೂ ಇಲ್ಲ. 
ಅರ್ಥ: ಪಾಲಿಪ್ ಇಲ್ಲದಿರಬಹುದು, ಇರಲೂಬಹುದು. ಹೆಚ್ಚಿನ ಪಾಲಿಪ್‌ಗಳು ಸದ್ದೇ ಮಾಡುವುದಿಲ್ಲ. ಅಮೆರಿಕದಲ್ಲಿ ಲಕ್ಷಣವಿಲ್ಲದವರೂ 45ನೇ ವಯಸ್ಸಿನಿಂದ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ಸಲಹೆ 2021ರಿಂದ ಇದೆ. ಅದಕ್ಕೂ ಮುಂಚೆ 50 ಇತ್ತು. ನಮ್ಮಲ್ಲಿ ಈ ಕ್ಯಾನ್ಸರಿನ ಪ್ರಮಾಣ ಅಲ್ಲಿಗಿಂತ ಕಡಿಮೆ, ಹಾಗಾಗಿ ಸರಕಾರದ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ನೋಡುತ್ತಾರೆ. ದೊಡ್ಡಕರುಳಿನ ಸರದಿ ಇನ್ನೂ ಬಂದಿಲ್ಲ. ಆಶಾತಾಯಿ ಬಂದು ಕೇಳಲೆಂದು ಕಾಯಬೇಡಿ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಸಾದಾ ಪರೀಕ್ಷೆ ಇದೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಆಗಿದ್ದರೆ ನೀವೇ ಬಾಯಿಬಿಟ್ಟು ಡಾಕ್ಟರನ್ನು ಕೇಳಬೇಕು.

ಲಕ್ಷಣ: ರಕ್ತ. 
ಬೆಳುಂಕಿಯಿಂದ ಉಮದಿಯವರೆಗೆ ಇದಕ್ಕೆ ಒಂದೇ ಉತ್ತರ ಸಿದ್ಧವಿದೆ: ಮೂಲವ್ಯಾಧಿ. ಕಾರಣ: ಉಷ್ಣ. ಉಪಾಯ: ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಖಾರ ಬಂದ್. ಅದಕ್ಕೂ ಬಗ್ಗದಿದ್ದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಆಪರೇಷನ್ ಇಲ್ಲದೆ ಗ್ಯಾರಂಟಿ’ ಎಂದು ಸುಣ್ಣದಲ್ಲಿ ಬರೆದ ಫೋನ್ ನಂಬರು. ಈ ಕೈಪಿಡಿ ಊರವರನ್ನು ಬೈಯುವುದಿಲ್ಲ. ಬಹಳಷ್ಟು ಸಲ ಅವರ ಊಹೆ ಸರಿಯೇ ಇರುತ್ತದೆ, ಏಕೆಂದರೆ ಮೂಲವ್ಯಾಧಿಯೇ ಹೆಚ್ಚು ಜನಕ್ಕೆ ಬರುವಂಥದ್ದು. ತೊಂದರೆ ಇರುವುದು ಉಳಿದ ಸಲಗಳಲ್ಲಿ. ಮೂಲವ್ಯಾಧಿ, ಪಾಲಿಪ್ ಎರಡರ ರಕ್ತವೂ ಒಂದೇ ಕೆಂಪು. ಮೇಲಾಗಿ, ಮೂಲವ್ಯಾಧಿ ಇದ್ದವರಿಗೆ ಪಾಲಿಪ್ ಬರಬಾರದೆಂಬ ಕಾನೂನು ಎಲ್ಲಿಯೂ ಇಲ್ಲ. ಬೆರಳು ಹಾಕಿಯೂ ನೋಡದೆ ಮೂಲವ್ಯಾಧಿ ಎಂದವರ ಮಾತನ್ನು ಹವಾಮಾನ ಮುನ್ಸೂಚನೆಯಷ್ಟೇ ನಂಬಿ.

ಮಾಹಿತಿ ಪಡೆಯುವ ವಿಧಾನ: ಮನೆಯಲ್ಲಿ ಎಲ್ಲರ ಮುಂದೆ ಕೇಳಬೇಡಿ. ಹೊಲದಲ್ಲಿ, ಇಬ್ಬರೇ ಇದ್ದಾಗ, ಇಬ್ಬರೂ ಬೇರೆಬೇರೆ ದಿಕ್ಕಿಗೆ ನೋಡುತ್ತಿರುವಾಗ ಕೇಳಿ.

“ಕಾಕಾ, ಎಷ್ಟ ದಿನಾ ಆತ್ರಿ?” 
“ಯಾವುದೋ?” 
“ಅದs ರೀ… ರಕ್ತಾ ಹೋಗೂದು.” 
“ರಕ್ತಾ ಎಲ್ಲಿದ ತಂದ್ಯೋ? ಏನಿಲ್ಲಪಾ. ದ್ರಾಕ್ಷಿ ಹಂಗಾಮದಾಗ ಸ್ವಲ್ಪ ಖಾರ ಜಾಸ್ತಿ ಆಗಿತ್ತು.” 
“ಈ ಸಲದ ಹಂಗಾಮೋ, ಹ್ವಾದ ಸಲದ್ದೋ?” 
“ಅದರ ಹಿಂದಿಂದು.”

ಇಲ್ಲಿಗೆ ರೋಗಚರಿತ್ರೆ ಮುಗಿಯಿತು. ಡಾಕ್ಟರ್ ಸಾಹೇಬರ ಮುಂದೆ ಕಾಕಾ ‘ಎಂಟ ದಿನಾ ಆತ್ರಿ’ ಎಂದು ಹೇಳುತ್ತಾನೆ. ಆಗ ಹಿಂದೆ ನಿಂತವರು ಕೆಮ್ಮಬೇಕು.

ಲಕ್ಷಣ: ದಮ್ಮು, ಬಿಳಿಚಿದ ಮುಖ, ‘ರಕ್ತ ಕಡಿಮಿ ಐತಿ’. 
ದಾಳಿಂಬೆ ತಿನ್ನಿಸುವುದು ತಾಲೂಕಿನ ಆರ್ಥಿಕತೆಗೆ ಒಳ್ಳೆಯದು. ಆದರೆ ಐವತ್ತು ದಾಟಿದ ಗಂಡಸಿನ ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿದರೆ ತುಂಬಿಸುವ ಮುನ್ನ ಸೋರುವ ಜಾಗ ಹುಡುಕಬೇಕು. ಬಲಗಡೆಯ ಗಂಟು ದಿನಾ ನಾಲ್ಕು ಹನಿ ಸೋರಿಸಿದರೆ ಅದು ಹೊರಗೆ ಬರುವಷ್ಟರಲ್ಲಿ ಕೆಂಪಾಗಿ ಉಳಿದಿರುವುದಿಲ್ಲ, ಯಾರಿಗೂ ಕಾಣುವುದಿಲ್ಲ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ. ‘ಹೆಣ್ಣಮಕ್ಕಳಿಗೆ ಇದು ಇರೂದ’ ಎಂದು ಎಲ್ಲರೂ ಮುಗಿಸಿಬಿಡುತ್ತಾರೆ. ಮುಟ್ಟು ನಿಂತು ಹತ್ತು ವರ್ಷವಾದ ಆಯಿಗೆ ಆ ಕಾರಣ ಹೇಗೆ ಹೊಂದುತ್ತದೆಂದು ಯಾರೂ ಕೇಳುವುದಿಲ್ಲ. ಆಯಿ ತಾನಾಗಿ ಹೇಳುವುದೂ ಇಲ್ಲ. ಹೇಳಿದರೆ ಮಿರಜದ ದವಾಖಾನೆಗೆ ಹೋಗಬೇಕಾಗುತ್ತದೆ, ಎಮ್ಮೆ ಹಿಂಡುವವರು ಯಾರು?

ಜೋಡಣೆಗೆ ಮುನ್ನಿನ ಸಿದ್ಧತೆ

ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯನ್ನು ನಮ್ಮ ಕಡೆ ‘ದುರ್ಬೀನ ಹಾಕಿ ನೋಡೂದು’ ಎನ್ನುತ್ತಾರೆ. ದುರ್ಬೀನಿಗೆ ಯಾರೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಅದರ ಹಿಂದಿನ ಮೂರು ದಿನಕ್ಕೆ.

ಮೊದಲ ಕೆಲಸ: ಜತ್ತ ತಾಲೂಕಿನ ಬೆಳೆಗಳ ಪಟ್ಟಿ ಎದುರಿಗಿಟ್ಟುಕೊಳ್ಳಿ. ಒಂದೊಂದನ್ನೇ ಹೊಡೆದುಹಾಕುತ್ತಾ ಬನ್ನಿ. ದಾಳಿಂಬೆ, ಬೀಜ ಇದೆ, ಹೊಡೆಯಿರಿ. ದ್ರಾಕ್ಷಿ, ಸಿಪ್ಪೆ. ಬೇದಾಣಾ, ಅಂದರೆ ಒಣದ್ರಾಕ್ಷಿ, ಅದರದೂ ಸಿಪ್ಪೆ. ಪೇರಲ, ಮಾತೇ ಬೇಡ. ಶೇಂಗಾ, ಎಳ್ಳು, ಗುರೆಳ್ಳು, ಸಜ್ಜೆ, ಮಡಿಕೆಕಾಳು, ಮೆಂತ್ಯಪಲ್ಯ, ಎಲ್ಲ ಹೊಡೆಯಿರಿ. ಕೊನೆಗೆ ಬಿಳಿಜೋಳ ಉಳಿಯುತ್ತದೆ. ಇಲ್ಲಿ ಪೆನ್ನು ನಿಲ್ಲುತ್ತದೆ.

“ರೊಟ್ಟಿನೂ ಬ್ಯಾಡಂತ?” 
“ಮೂರ ದಿನಾ ಅಷ್ಟ ರೀ, ಕಾಕಾ.” 
“ಹೋದ ವರ್ಷ ಇವರs ಹೇಳಿದ್ರು, ರೊಟ್ಟಿ ತಿನ್ನು, ನಾರಿನಂಶ ಐತಿ, ಹೊಟ್ಟಿಗೆ ಚಲೋ ಅಂತ.”

ಆಗ ಹೇಳಿದ್ದೂ ಸರಿ, ಈಗ ಹೇಳಿದ್ದೂ ಸರಿ. ನಾರು ಬಾಳಿಗೆ ಒಳ್ಳೆಯದು, ಈ ಮೂರು ದಿನಕ್ಕೆ ಕೆಟ್ಟದ್ದು. ಒಂದು ಎಳ್ಳಿನ ಕಾಳು ದುರ್ಬೀನಿನ ಹೀರುವ ನಳಿಕೆಯನ್ನು ಕಟ್ಟಿಸಬಲ್ಲದು. ಜೋಳದ ಕಾಳಿನಷ್ಟಿರುವ ಪಾಲಿಪ್ಪಿನ ಮೇಲೆ ಒಂದು ಮೆಂತ್ಯದ ಎಲೆ ಕೂತರೆ ಡಾಕ್ಟರಿಗೆ ಕಾಣುವುದು ಮೆಂತ್ಯ ಮಾತ್ರ. ಹಾಗಾಗಿ ಮೆತ್ತಗಿನ ಬಿಳಿ ಅನ್ನ, ಮೊಸರು, ಸೋಸಿದ ಬ್ಯಾಳಿಕಟ್ಟು. ಜೋಳದ ಸೀಮೆಯಲ್ಲಿ ಮೂರು ಹೊತ್ತು ಅನ್ನ ಉಣ್ಣುವವನನ್ನು ನೋಡಿದರೆ ನೆರೆಹೊರೆಯವರು ಮಾತಾಡಿಸಲು ಬರುತ್ತಾರೆ. ಬರುವಾಗ ದಾಳಿಂಬೆ ತರುತ್ತಾರೆ. ಮಕ್ಕಳಿಗೆ ಕೊಟ್ಟುಬಿಡಿ.

ತಾರೀಖಿನ ಆಯ್ಕೆ: ಎಳ್ಳಮಾಸಿಯ ವಾರ ಬೇಡ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಒಯ್ದು, ಕಾಕಾನ ಎದುರಿಗೆ ಮಾತ್ರ ಅನ್ನ-ಮೊಸರು ಇಡುವುದು ಮನುಷ್ಯರು ಮಾಡುವ ಕೆಲಸ ಅಲ್ಲ. ಗುಡ್ಡಾಪುರದ ದಾನಮ್ಮದೇವಿಯ ಕಾರ್ತೀಕ ಅಮಾವಾಸ್ಯೆಯ ಜಾತ್ರೆಯ ದಿನಗಳೂ ಬೇಡ. ದಾಸೋಹದಲ್ಲಿ ಪ್ರಸಾದ ಒಲ್ಲೆ ಎನ್ನುವ ಬಾಯಿ ಈ ಭಾಗದಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲಕ್ಕಿಂತ ಮುಖ್ಯ, ಬೇಸಿಗೆಯಾದರೆ ಟ್ಯಾಂಕರ್ ಬರುವ ವಾರ ನೋಡಿ. ಕರುಳು ತೊಳೆಯುವ ಪುಡಿ ಕಲಸಿ ಕುಡಿಯುವ ನೀರು 2 ಲೀಟರು. ಅದು ಹೊರಬಿದ್ದ ಮೇಲೆ ಸುರಿಯಬೇಕಾದ ನೀರಿನ ಲೆಕ್ಕ ಯಾವ ಆಸ್ಪತ್ರೆಯ ಹಾಳೆಯಲ್ಲೂ ಇಲ್ಲ. ಆ ಹಾಳೆ ಬರೆದವರ ಮನೆಯಲ್ಲಿ ನಳ ಇದೆ. ಒಂದು ಬ್ಯಾರಲ್ ತುಂಬಿ ಮುಚ್ಚಳ ಹಾಕಿ, ಅದನ್ನು ಯಾರೂ ಎಮ್ಮೆಗೆ ಸುರಿಯದಂತೆ ಕಾವಲಿಡಿ.

ಸಂಡಾಸು: ಸ್ವಚ್ಛ ಭಾರತದ ಕಾಲಕ್ಕೆ ಕಟ್ಟಿಸಿದ್ದು ಇದೆ ಎಂದು ಸಮಾಧಾನದಿಂದ ಕೂರಬೇಡಿ. ಬಾಗಿಲು ತೆಗೆದು ನೋಡಿ. ಒಳಗೆ ಯೂರಿಯಾ ಚೀಲ, ಡ್ರಿಪ್ ಪೈಪಿನ ಸುರುಳಿ, ಮುರಿದ ಕೂರಿಗೆ, ಕೆಲವು ಮನೆಗಳಲ್ಲಿ ಕಾವು ಕೂತ ಕೋಳಿ ಇರುವ ಸಾಧ್ಯತೆ ಇದೆ. ಎಲ್ಲವನ್ನೂ ಹಿಂದಿನ ದಿನವೇ ಹೊರಗೆ ತೆಗೆಯಿರಿ. ಪುಡಿ ಹೊಟ್ಟೆಗೆ ಹೋದ ಮೇಲೆ ಕೋಳಿಯನ್ನು ಎಬ್ಬಿಸುವಷ್ಟು ಪುರುಸೊತ್ತು ಸಿಗುವುದಿಲ್ಲ. ಚರಗಿ ಹಿಡಿದು ಹೊಲದ ಕಡೆ ಹೋಗುತ್ತೇನೆಂಬ ಹಿರಿಯರಿಗೆ ಮರ್ಯಾದೆಯಿಂದ ಹೇಳಿ: ಇವತ್ತಿನ ಮಟ್ಟಿಗೆ ಹೊಲ ಬಹಳ ದೂರ.

ಹಿಂದಿನ ದಿನ: ಆಚೆಯಿಂದ ಈಚೆ ಕಾಣುವಂಥ ದ್ರವ ಮಾತ್ರ. ಎಳನೀರು, ಸೋಸಿದ ನಿಂಬೆ ಪಾನಕ ನಡೆಯುತ್ತದೆ. ಕೆಂಪು, ನೇರಳೆ ಬಣ್ಣದ್ದು ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಆದ್ದರಿಂದ ಕೋಕಂ ಶರಬತ್ತು ಕೂಡ ಬಂದ್. ಚಹಾಕ್ಕೆ ಹಾಲಿಲ್ಲ. ಕೋರಾ ಚಹಾದ ಕಪ್ಪನ್ನು ನೋಡಿ ಕಾಕಾ ‘ಯಾರ ತೀರಕೊಂಡ್ರ?’ ಎಂದು ಕೇಳುವುದುಂಟು. ಯಾರೂ ಇಲ್ಲವೆಂದು ಭರವಸೆ ಕೊಡಿ.

ಪುಡಿಯ ಹೆಸರು ಪಾಲಿಇಥಿಲೀನ್ ಗ್ಲೈಕಾಲ್. ಇದು ಮೈಗೆ ಹತ್ತುವುದಿಲ್ಲ, ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ಎಲ್ಲವನ್ನೂ ತೊಳೆದುಕೊಂಡು ಹೊರಟುಬಿಡುತ್ತದೆ. ರುಚಿ: ಉಪ್ಪುನೀರಿನಲ್ಲಿ ಯಾರೋ ಲಿಂಬೆಹುಳಿ ಪೆಪ್ಪರ್‌ಮಿಂಟು ಚೀಪಿ ಉಗಿದದ್ದು. ತಣ್ಣಗೆ ಮಾಡಿ, ಹತ್ತು-ಹದಿನೈದು ನಿಮಿಷಕ್ಕೊಂದು ಗ್ಲಾಸಿನಂತೆ ಕುಡಿಯಬೇಕು. ಸಾಮಾನ್ಯವಾಗಿ ಅರ್ಧ ಹಿಂದಿನ ಸಂಜೆ, ಇನ್ನರ್ಧ ತಪಾಸಣೆಯ ದಿನ ನಾಲ್ಕಾರು ತಾಸು ಮುಂಚೆ. ಎಲ್ಲವನ್ನೂ ರಾತ್ರಿಯೇ ಮುಗಿಸಿ ಮಲಗುತ್ತೇನೆಂದರೆ ಕೇಳಬೇಡಿ. ಬೆಳಗಾಗುವಷ್ಟರಲ್ಲಿ ಸಣ್ಣಕರುಳಿನಿಂದ ಇಳಿದ ಪಿತ್ತದ ಲೋಳೆ ಬಲಗಡೆಯ ಗೋಡೆಗೆ ಮತ್ತೆ ಮೆತ್ತಿಕೊಂಡಿರುತ್ತದೆ; ಕಳ್ಳ ಪಾಲಿಪ್‌ಗಳು ಮಲಗುವುದೂ ಅದೇ ಬಲಗಡೆ.

“ಇನ್ನ ಎಷ್ಟ ಐತೋ?” 
“ಅರ್ಧಾ ರೀ.” 
“ಅರ್ಧಾ ರಾತ್ರಿನs ಆಗಿತ್ತಲ್ಲೋ!” 
“ಅದು ಆ ಅರ್ಧಾ ರೀ. ಇದು ಈ ಅರ್ಧಾ.”

ಹೊರಬರುವುದು ತಿಳಿಹಳದಿ ನೀರಾದಾಗ ಕೆಲಸ ಮುಗಿಯಿತು. ಬಣ್ಣ ನೋಡಿ ಹೇಳುವ ಜವಾಬ್ದಾರಿಯನ್ನು ಮನೆಯಲ್ಲಿ ಸುಳ್ಳು ಹೇಳದ ಒಬ್ಬರಿಗೆ ವಹಿಸಿ. ಅಂಥವಳು ಸಾಮಾನ್ಯವಾಗಿ ಸೊಸೆಯೇ ಆಗಿರುತ್ತಾಳೆ, ಇದೇ ತೊಡಕು. ತಪಾಸಣೆಯಲ್ಲಿ ಡಾಕ್ಟರರು ಕರುಳನ್ನು ಮೂರು ಭಾಗ ಮಾಡಿ ಒಂದೊಂದಕ್ಕೆ 3ರಂತೆ ಒಟ್ಟು 9ಕ್ಕೆ ಅಂಕ ಕೊಡುತ್ತಾರೆ. ಬೋಸ್ಟನ್ ಅಳತೆ ಎನ್ನುತ್ತಾರೆ. 9ಕ್ಕೆ 9 ಬಂದರೆ ಊರಲ್ಲಿ ಹೇಳಿಕೊಳ್ಳಬಹುದು, ಯಾವ ವಿಷಯದಲ್ಲಿ ಎಂದು ಕೇಳುವವರೆಗೆ.

ಎಚ್ಚರಿಕೆ (ಇದರಲ್ಲಿ ನಗೆಯಿಲ್ಲ): ಕಬ್ಬಿಣದ ಗುಳಿಗೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಅದು ಮಲವನ್ನು ಕಪ್ಪು ಅಂಟು ಮಾಡುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ; ಚೀಟಿ ಬರೆದ ಡಾಕ್ಟರನ್ನೇ ಕೇಳಿ. ಕಿಡ್ನಿ, ಹೃದಯದ ತೊಂದರೆ ಇದ್ದವರು ಪುಡಿ ಬರೆಸುವಾಗಲೇ ಹೇಳಬೇಕು.

ಸಾಗಣೆ

ಮಿರಜ ಅಂದರೆ ಒಬ್ಬರಿಗೆ ಸಿತಾರು, ಒಬ್ಬರಿಗೆ ರೈಲ್ವೆ ಜಂಕ್ಷನ್, ನಮಗೆ ದವಾಖಾನೆ. ಕೆನಡಾದ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಾಗಿನಿಂದ ಈ ಸೀಮೆಯ ಹೊಟ್ಟೆಗಳು ಆ ದಿಕ್ಕಿಗೇ ತಿರುಗಿವೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಪೂರ್ವದ ಊರುಗಳವರಿಗೆ ವಿಜಯಪುರ ಹತ್ತಿರ, ಅಲ್ಲಿ ಡಾಕ್ಟರಿಗೂ ಕನ್ನಡ ಬರುತ್ತದೆ. ಆದರೆ ಕಾರ್ಡು ಮಹಾರಾಷ್ಟ್ರದ್ದು. ಫುಲೆ ಜನಾರೋಗ್ಯ ಯೋಜನೆಯಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರನನ್ನು ಮೊದಲೇ ಕೇಳಿಕೊಳ್ಳಿ.

ಎರಡನೆಯ ಅರ್ಧ ಕುಡಿದು ಬೆಳಗಿನ ಎಸ್.ಟಿ. ಹತ್ತಬೇಡಿ. ಕಂಡಕ್ಟರ್ ಎಷ್ಟೇ ಒಳ್ಳೆಯವನಿದ್ದರೂ ಗಂಟೆ ಹೊಡೆಯುವುದಕ್ಕೊಂದು ಮಿತಿ ಇರುತ್ತದೆ. ಸ್ವಂತ ಗಾಡಿ ಇಲ್ಲದಿದ್ದರೆ ಹಿಂದಿನ ದಿನವೇ ಮಿರಜದಲ್ಲಿ ಉಳಿದುಕೊಳ್ಳಿ. ಯಾರ ಮನೆಯಲ್ಲಿ ಎಂಬುದನ್ನು ನಂಟಿನ ಮೇಲೆ ತೀರ್ಮಾನಿಸಬೇಡಿ, ಸಂಡಾಸಿನ ಮೇಲೆ ತೀರ್ಮಾನಿಸಿ. ಖಾಸಾ ಬೀಗರು, ಆದರೆ ಎಂಟು ಜನಕ್ಕೆ ಒಂದೇ ಇದೆ ಎಂದಾದರೆ ಲಾಜಿನಲ್ಲಿ ಇಳಿದು, ಬೀಗರಿಗೆ ಮರುದಿನ ಫೋನು ಮಾಡಿ. ಅವರು ಸಿಟ್ಟಾಗುತ್ತಾರೆ. ಇನ್ನೊಂದು ರೀತಿ ಮಾಡಿದ್ದರೆ ಇನ್ನೂ ಹೆಚ್ಚು ಸಿಟ್ಟಾಗುತ್ತಿದ್ದರು.

ಅಧಿಕಾರ ಹಸ್ತಾಂತರ

ಭೂಲ್, ಅಂದರೆ ಮಂಪರಿನ ಔಷಧ, ಕೊಡುವ ಮುನ್ನ ಅಧಿಕಾರ ಹಸ್ತಾಂತರ ಮಾಡಬೇಕು. ದೊಡ್ಡವರು ಮಾಡಿದ್ದಾರೆ. 1985ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಒಂದು ಸಣ್ಣ ಪಾಲಿಪ್ ತೆಗೆಸಿಕೊಳ್ಳಲು ಹೋದರು, ಒಳಗೆ ದೊಡ್ಡದೊಂದು ಸಿಕ್ಕಿತು. ಮರುದಿನವೇ ಹೊಟ್ಟೆ ಕೊಯ್ದು ಸುಮಾರು ಎರಡು ಅಡಿ ಕರುಳು ತೆಗೆದರು. ಆ ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಅಂದು ಸುಮಾರು ಎಂಟು ತಾಸು ದೇಶ ಉಪಾಧ್ಯಕ್ಷ ಬುಷ್ ಕೈಯಲ್ಲಿತ್ತು. ರೇಗನ್ ಅದಾದ ಮೇಲೆ ಹತ್ತೊಂಬತ್ತು ವರ್ಷ ಬದುಕಿದರು. 2021ರ ನವೆಂಬರಿನಲ್ಲಿ ಅಧ್ಯಕ್ಷ ಬೈಡನ್ ಕೊಲೊನೋಸ್ಕೋಪಿಗೆ ಮಲಗಿದಾಗ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ 1 ಗಂಟೆ 25 ನಿಮಿಷ ಅಧ್ಯಕ್ಷರ ಅಧಿಕಾರ ನಡೆಸಿದರು. ಆ ದೇಶದಲ್ಲಿ ಹೆಂಗಸೊಬ್ಬಳಿಗೆ ಆ ಅಧಿಕಾರ ಸಿಕ್ಕಿದ್ದು ಅದೇ ಮೊದಲು, ಅದೂ ಕೊಲೊನೋಸ್ಕೋಪಿಯ ದಯದಿಂದ. ಬೈಡನ್ ಕರುಳಿನಲ್ಲಿ ಸಿಕ್ಕ ಪಾಲಿಪ್ 3 ಮಿ.ಮೀ. ಅದು ಸಹ ಅಡಿನೋಮಾವೇ ಆಗಿತ್ತು. ಇಡೀ ಜಗತ್ತಿಗೆ ಪತ್ರಿಕೆಯಲ್ಲಿ ಹೇಳಿದರು, ಯಾರೂ ಅವರ ಮನೆಗೆ ಹೆಣ್ಣು ಕೊಡುವುದಿಲ್ಲ ಎನ್ನಲಿಲ್ಲ.

ಕಾಕಾ ಹಸ್ತಾಂತರಿಸಬೇಕಾದವು: ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಚಾವಿ, ಥ್ರೀ ಫೇಸ್ ಕರೆಂಟಿನ ಪಾಳಿಯ ಚೀಟಿ, ದ್ರಾಕ್ಷಿಗೆ ಯಾವ ದಿನ ಯಾವ ಔಷಧ ಎಂಬ ಡೈರಿ, ಸೊಸೈಟಿಯ ಪಾಸ್‌ಬುಕ್. ಇವನ್ನು ಮಗನ ಕೈಗೆ ಕೊಡುವುದಕ್ಕಿಂತ ದುರ್ಬೀನು ಹಾಕಿಸಿಕೊಳ್ಳುವುದೇ ಸುಲಭ ಎಂದು ಅನೇಕರ ಅನುಭವ.

ಕಾರ್ಯವಿಧಾನ

ಇದು ಚಿಕ್ಕದು. ಎಡಮಗ್ಗುಲಾಗಿ, ಮೊಣಕಾಲು ಮಡಚಿ ಮಲಗುವುದು. ಸಲಾಯಿನ್, ಭೂಲ್. ಬೆರಳು ಗಾತ್ರದ, ತುದಿಯಲ್ಲಿ ಕ್ಯಾಮೆರಾ ಇರುವ ಮೆತ್ತನೆಯ ನಳಿಕೆ. ಗಾಳಿ ಊದಿ ದಾರಿ ಬಿಡಿಸಿಕೊಳ್ಳುತ್ತಾ ಅದು ಒಳಗೆ ಹೋಗುತ್ತದೆ. ಅಪೆಂಡಿಕ್ಸಿನ ಬಾಯಿ ಕಂಡರೆ ತುದಿ ಮುಟ್ಟಿದಂತೆ. ಜನ ತಿಳಿದಂತೆ ಹೋಗುವಾಗ ಹುಡುಕುವುದಿಲ್ಲ, ಬರುವಾಗ ಹುಡುಕುತ್ತಾರೆ. ಹಿಂದಕ್ಕೆ ಎಳೆದುಕೊಳ್ಳಲು ಕನಿಷ್ಠ 6 ನಿಮಿಷ ತೆಗೆದುಕೊಳ್ಳಬೇಕು, ಒಂದೊಂದು ಮಡಿಕೆಯ ಹಿಂದೆಯೂ ಇಣುಕಬೇಕು. ಬೇಗ ಮುಗಿಸಿದ ಡಾಕ್ಟರನ್ನು ಹೊಗಳಬೇಡಿ.

ಪಾಲಿಪ್ ಸಿಕ್ಕರೆ ಅದೇ ನಳಿಕೆಯೊಳಗಿನಿಂದ ತಂತಿಯ ಕುಣಿಕೆ ಬಿಟ್ಟು, ಬುಡಕ್ಕೆ ಹಾಕಿ ಬಿಗಿದು ಕತ್ತರಿಸುತ್ತಾರೆ. ದೊಡ್ಡದಾದರೆ ಕರೆಂಟು ಹಾಯಿಸುತ್ತಾರೆ. ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. 1969ರಲ್ಲಿ ನ್ಯೂಯಾರ್ಕಿನಲ್ಲಿ ಜಪಾನ್ ಮೂಲದ ಹಿರೋಮಿ ಶಿನ್ಯಾ, ವಿಲಿಯಂ ವುಲ್ಫ್ ಜೊತೆಗೂಡಿ ಈ ಕುಣಿಕೆಯ ಉಪಾಯ ಆರಂಭಿಸುವವರೆಗೆ ಗುದನಾಳಕ್ಕಿಂತ ಮೇಲಿನ ಶೇಂಗಾಬೀಜದಷ್ಟು ಗಂಟಿಗೂ ಹೊಟ್ಟೆ ಕೊಯ್ಯಬೇಕಿತ್ತು. ಹೀಗೆ ಅಡಿನೋಮಾ ತೆಗೆಸಿಕೊಂಡ ಅಮೆರಿಕದ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಈ ಕ್ಯಾನ್ಸರಿನಿಂದ ಸಾಯುವವರು ನಿರೀಕ್ಷೆಗಿಂತ ಶೇ. 53ರಷ್ಟು ಕಡಿಮೆಯಾಗಿದ್ದರು ಎಂದು 2012ರಲ್ಲಿ ವರದಿಯಾಯಿತು.

ತೆಗೆದದ್ದನ್ನು ಮನೆಗೆ ಕೊಡುವುದಿಲ್ಲ. ಮೂತ್ರದ ಹರಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು, ಇದನ್ನೂ ಕೊಡಿರೆಂದು ಜಗಳ ತೆಗೆಯಬೇಡಿ. ಅದು ಬಯಾಪ್ಸಿಗೆ ಹೋಗಲೇಬೇಕು. ತುಕಡಿ ತಪಾಸಣೆ ಆಗದ ಪಾಲಿಪ್ ತೆಗೆದೂ ತೆಗೆಯದಂತೆ.

ಬಳಸಿದ ನಂತರ

ಗಾಳಿ ಬಿಡುವುದು ಕಡ್ಡಾಯ. ಊದಿದ್ದು ಹೊರಗೆ ಬರಬೇಕು, ಬೀಗರು ಎದುರಿಗಿದ್ದರೂ. ಮುಂದಿನ 24 ತಾಸು ಗಾಡಿ ಹೊಡೆಯುವಂತಿಲ್ಲ, ಮಹತ್ವದ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಭೂಲಿನ ಗುಂಗು ಪೂರ್ತಿ ಇಳಿದಿರುವುದಿಲ್ಲ. ‘ಹೆಂಗೂ ಮಿರಜಕ್ಕ ಬಂದೇವಿ’ ಎಂದು ಯಾರಾದರೂ ಹೊಲದ ಸಾತ್‌ಬಾರಾ ಉತಾರ ತಂದಿದ್ದರೆ ಅವರನ್ನು ವಾಪಸು ಕಳಿಸಿ.

ಸ್ವಲ್ಪ ರಕ್ತ ಕಾಣಬಹುದು. ಹೆಚ್ಚು ಹೋದರೆ, ಗಡ್ಡೆಗಟ್ಟಿ ಹೋದರೆ, ಹೊಟ್ಟೆ ಕಲ್ಲಾಗಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ ಊರಿನ ಇಂಜೆಕ್ಷನ್ ಡಾಕ್ಟರಲ್ಲಿಗೆ ಹೋಗಬೇಡಿ. ದುರ್ಬೀನು ಹಾಕಿದ ಆಸ್ಪತ್ರೆಗೇ ಹೋಗಿ. ಕರುಳಿಗೆ ತೂತು ಬೀಳುವುದು ಅಪರೂಪ, ಬಿದ್ದರೆ ಕಾಯುವಂಥದ್ದಲ್ಲ. ತಡವಾಗಿ ಬರುವ ರಕ್ತಸ್ರಾವ ಎರಡು ವಾರದ ತನಕವೂ ಬರಬಹುದು, ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ.

ರಿಪೋರ್ಟು ಕೆಲವು ದಿನ ಬಿಟ್ಟು ಬರುತ್ತದೆ. ‘ಟ್ಯೂಬ್ಯುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲಾಸಿಯಾ’ ಎಂದಿದ್ದರೆ ಅಳಬೇಕಾಗಿಲ್ಲ, ಕ್ಯಾನ್ಸರ್ ಅಲ್ಲ. ನಗಬೇಕಾಗಿಯೂ ಇಲ್ಲ, ಕ್ಯಾನ್ಸರಿನ ದಾರಿಯಲ್ಲಿದ್ದದ್ದು ಹೊರಗೆ ಬಂದಿದೆ. ‘ವಿಲ್ಲಸ್’, ‘ಹೈ ಗ್ರೇಡ್’ ಎಂಬ ಪದಗಳಿದ್ದರೆ ದಾರಿ ಹೆಚ್ಚು ಸವೆದಿತ್ತು ಎಂದರ್ಥ. ಒಂದು ಕಡೆ ಬೆಳೆಸಿದ ಕರುಳು ಇನ್ನೊಂದು ಕಡೆಯೂ ಬೆಳೆಸಬಲ್ಲದು, ಆದ್ದರಿಂದ ಮತ್ತೆ ನೋಡಬೇಕು. ಅಮೆರಿಕದ ತಜ್ಞರ 2020ರ ಲೆಕ್ಕದಲ್ಲಿ, 10 ಮಿ.ಮೀ.ಗಿಂತ ಸಣ್ಣ ಅಡಿನೋಮಾ ಒಂದೆರಡು ಇದ್ದರೆ 7ರಿಂದ 10 ವರ್ಷಕ್ಕೆ, ಮೂರು-ನಾಲ್ಕು ಇದ್ದರೆ 3ರಿಂದ 5 ವರ್ಷಕ್ಕೆ, ದೊಡ್ಡದೋ ವಿಲ್ಲಸ್ಸೋ ಹೈ ಗ್ರೇಡೋ ಆಗಿದ್ದರೆ 3 ವರ್ಷಕ್ಕೆ. ನಿಮ್ಮ ಡಾಕ್ಟರು ನಿಮ್ಮ ಕರುಳು ನೋಡಿ ಹೇಳಿದ್ದೇ ನಿಮಗೆ ಅಂತಿಮ. ಏಳು ವರ್ಷದ ಆಚೆಯ ತಾರೀಖನ್ನು ಯಾರ ಮೊಬೈಲೂ ಕಾಯುವುದಿಲ್ಲ. ಎಮ್ಮೆ ಕಟ್ಟಿಸಿದ ತಾರೀಖು ಬರೆಯುವ ಬಾಗಿಲ ಹಿಂದಿನ ಗೋಡೆಯೇ ಸರಿಯಾದ ಜಾಗ. ಸುಣ್ಣ ಬಳಿಯುವವರಿಗೆ ಹೇಳಿಟ್ಟಿರಿ.

ಪಾಲುದಾರರಿಗೆ ಸೂಚನೆ

ಕರುಳಿನಲ್ಲಿ ದೊಡ್ಡ ಅಡಿನೋಮಾ ಅಥವಾ ಕ್ಯಾನ್ಸರ್ ಸಿಕ್ಕವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಸುದ್ದಿ ಮುಟ್ಟಬೇಕು. ಅವರು 40ನೇ ವಯಸ್ಸಿಗೆ, ಇಲ್ಲವೇ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿಗೆ ಯಾರಿಗೆ ಬಂತೋ ಅದಕ್ಕಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ತೋರಿಸಿಕೊಳ್ಳಬೇಕು. ನೂರಾರು ಪಾಲಿಪ್ ಹುಟ್ಟಿಸುವ, ಮನೆತನದಲ್ಲೇ ಇಳಿದುಬರುವ ಒಂದು ಬಗೆಯೂ ಇದೆ. ಅದರಲ್ಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ, ಹರೆಯದಲ್ಲೇ ಬೆಳೆಯಲು ಶುರುವಾಗುತ್ತದೆ.

ಬದುವಿನ ಕೇಸು ನಡೆದಿರುವ ತಮ್ಮನಿಗೂ ಇದನ್ನು ಹೇಳಬೇಕು. ವಕೀಲರ ನೋಟಿಸಿನಲ್ಲಿ ಸೇರಿಸಬೇಡಿ, ತಮ್ಮ ಅದಕ್ಕೂ ತಕರಾರು ಅರ್ಜಿ ಹಾಕುತ್ತಾನೆ. ನಡುವಿನವರೊಬ್ಬರನ್ನು ಕಳಿಸಿ.

“ನಮ್ಮ ಅಣ್ಣಗ ಬಂದ್ರ ನನಗ ಯಾಕ? ನಾವು ಬ್ಯಾರಿ ಆಗಿ ಇಪ್ಪತ್ತ ವರ್ಷ ಆತು.” 
“ಹೊಲಾ ಬ್ಯಾರಿ ಆಗೇತ್ರಿ, ಮಾಮಾ. ಕರಳ ಬ್ಯಾರಿ ಆಗಿಲ್ಲ.”

ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಡಬೇಡಿ. ಹೊಲದ ಮೇಲೆ ಅವರಿಂದ ಹಕ್ಕಸೋಡ ಬರೆಸಿಕೊಂಡಿರಬಹುದು, ತಲಾಠಿ ಕಚೇರಿಯಲ್ಲಿ ಹೆಸರೂ ಕಡಿಮೆಯಾಗಿರಬಹುದು. ಈ ಆಸ್ತಿಯಲ್ಲಿ ಅವರದು ಸಮಪಾಲು, ಬರೆಸಿಕೊಳ್ಳಲು ಬರುವುದಿಲ್ಲ. ಸೋಲಾಪುರದವಳಿಗೆ, ಇಂಡಿಯವಳಿಗೆ, ಅಥಣಿಯವಳಿಗೆ ಇವತ್ತೇ ಫೋನು ಮಾಡಿ. ಎಷ್ಟೋ ವರ್ಷದ ಮೇಲೆ ತವರಿನ ಫೋನು ಬಂತೆಂದು ಅವರು ಮೊದಲು ಹೆದರಿ, ‘ಎಲ್ಲಿ ಸಹಿ ಮಾಡಬೇಕು’ ಎಂದು ಕೇಳುತ್ತಾರೆ. ಸಹಿ ಬೇಡವೆಂದು ಮೊದಲೇ ಹೇಳಿ, ಆಮೇಲೆ ರಕ್ತದ ವಿಷಯ ಕೇಳಿ.